ಪಾದ್ರಿಯವರು ಕೇಳಿದ ಚೀಟಿ

ಇರಕಲ್ಲಗಡ
೧೨-೩-೧೯೩೯

ಮಂಗಳೂರಿನಲ್ಲಿ ಓದುತ್ತಿರುವ ನಮ್ಮ ಮನೆಯವರಿಗೆ ಗಾಳೆಮ್ಮ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಆರಾಮಾಗಿದ್ದೇವೆ. ನಿಮ್ಮ ಕಾಗದ ಮೊನ್ನೆ ಊರ ಟಪಾಲು ಇಳಿಯುವ ಗೌಡರ ಮನೆಗೆ ಬಂತು. ಮಾವನವರು ನನ್ನಿಂದ ಎರಡೆರಡು ಸಲ ಓದಿಸಿದರು. ಇಂಟರ್ ಪರೀಕ್ಷೆ ಮುಗಿದ ಮೇಲೆ ಊರಿಗೆ ಬಂದುಬಿಡಬೇಕೋ, ಬೇಸಿಗೆಯಲ್ಲೂ ಅಲ್ಲೇ ನಿಂತು ಇಂಗ್ಲಿಷ್ ತಿದ್ದಿಕೊಂಡು ಬಿ.ಎ. ಸೇರಿ ಇನ್ನೆರಡು ವರ್ಷ ಇರಬೇಕೋ ಎಂದು ನಿಮ್ಮ ಕಾಲೇಜಿನ ಪಾದ್ರಿಯವರನ್ನು ಕೇಳಿದಿರಂತೆ. ಓದುವ ಶಕ್ತಿ ನಿನಗಿದೆ, ಆದರೆ ಮದುವೆಯಾದವನಿಗೆ ನಾನೊಬ್ಬನೇ ದಾರಿ ಹೇಳಲಾರೆ, ಕಾಯುತ್ತಿರುವವಳು ತನ್ನ ಮನಸ್ಸಿನಲ್ಲಿ ಇರುವುದನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಲಿ ಎಂದರಂತೆ. ಈ ಸಲವಾದರೂ ನಿನ್ನ ಹೆಸರು ಹಾಕಿ ಬರೆಯಲು ಹೇಳು ಎಂದರಂತೆ. ಅದನ್ನು ಓದುವಾಗ ಮಾವನವರ ಎದುರಿಗೆ ನಗು ತಡೆಯುವುದು ಕಷ್ಟವಾಯಿತು.

ದೀಪಾವಳಿಯ ಫಜೀತಿಯಲ್ಲಿ ನಿಮಗೆ ಗೊತ್ತಿರುವುದು ಮಂಗಳೂರಿನ ಅರ್ಧ ಮಾತ್ರ. ಇಲ್ಲಿಯ ಅರ್ಧವನ್ನು ಇವತ್ತು ಹೇಳಿಬಿಡುತ್ತೇನೆ. ಮಗನನ್ನು ನೋಡಬೇಕೆಂದು ಅತ್ತೆಯವರು ಒಂದೇ ಸಮನೆ ಹಲುಬುತ್ತಿದ್ದರು. ಯಲಬುರ್ಗಿಯಲ್ಲಿ ಮನೆಯ ಪಡಸಾಲೆಯಲ್ಲೇ ಕನ್ನಡ ಕಲಿಸುವ ಗಾಂವಟಿ ಸಾಲಿ ನಡೆಸುವ ನಮ್ಮಪ್ಪನಿಂದ ನಾಲ್ಕಕ್ಷರ ಕಲಿತ ತಪ್ಪಿಗೆ, ಪಾದ್ರಿಯವರಿಗೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ಗಂಡನ ಹೆಸರು, ಮಾವನ ಹೆಸರು ಬಾಯಲ್ಲಿ ಆಡಬಾರದು ಸರಿ, ಬರೆಯಬಹುದೋ ಇಲ್ಲವೋ ಯಾರನ್ನು ಕೇಳಲಿ? ಇರಕಲ್ಲಗಡದ ನಮ್ಮ ಹುಡುಗನ ತಾಯಿ ಮಗನಿಗಾಗಿ ಅಳುತ್ತಿದ್ದಾಳೆ, ಹಬ್ಬಕ್ಕೆ ಕಳಿಸಿಕೊಡಿ ಎಂದಷ್ಟೇ ಬರೆದೆ. ನಿಮ್ಮ ಜೊತೆಗೇ ಅಲ್ಲಿಗೆ ಓದಲು ಹೋದ ನೂರಸಾಬನೂ ಇರಕಲ್ಲಗಡದವನೇ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಪಾದ್ರಿಯವರು ಅವನನ್ನು ಕರೆದು ಹೇಳಿದರು. ತಾಯಿ ಅಳುತ್ತಿದ್ದಾಳೆ ಎಂದರೆ ಯಾವ ಮಗ ತಾನೇ ಅದು ನನ್ನ ತಾಯಿಯಲ್ಲ ಎನ್ನುತ್ತಾನೆ?

ಹುಡುಗನನ್ನು ಕಳಿಸಿದ್ದೇನೆ, ಗುರುವಾರ ಬರುತ್ತಾನೆ ಎಂದು ಅವರ ಕಾರ್ಡು ಬಂದಿದ್ದೇ ತಡ, ಅತ್ತೆಯವರು ಕರ್ಚಿಕಾಯಿ ಕರಿದರು, ಮಾವ ಬಂಡಿ ಹೂಡಿದರು. ಅತ್ತೆಯವರಿಗೆ ಮೊಣಕಾಲು ನೋವಲ್ಲವೇ, ಕೈ ಹಿಡಿಯಲು ಒಬ್ಬರು ಬೇಕೆಂದು ನಾನೂ ಕೊಪ್ಪಳದ ಸ್ಟೇಷನ್ನಿಗೆ ಹೋದೆ. ಇಳಕಲ್ ಸೀರೆ ಉಟ್ಟಿದ್ದೂ ಅದಕ್ಕೇ ಎಂದುಕೊಳ್ಳಿ. ರೈಲಿನಿಂದ ಟ್ರಂಕು ಹೊತ್ತು ನೂರಸಾಬ ಇಳಿದ. ನಮ್ಮನ್ನು ಕಂಡವನೇ ಗಾಬರಿಯಾಗಿ, ದೊಡ್ಡವ್ವ, ನಮ್ಮವ್ವಗ ಏನಾಗೈತಿ, ಅಂದ. ಮಾವ ನಿಮ್ಮನ್ನು ಹುಡುಕುತ್ತ ರೈಲಿನ ಒಂದೊಂದೇ ಡಬ್ಬಿಯಲ್ಲಿ ಇಣುಕಿ ಬಂದರು. ವಿಷಯ ತಿಳಿದ ಮೇಲೂ ಅತ್ತೆಯವರು ಯಾರನ್ನೂ ಬೈಯಲಿಲ್ಲ. ಕರ್ಚಿಕಾಯಿಯ ಗಂಟು ಬಿಚ್ಚಿ, ತಿನ್ನಪಾ, ನೀನೂ ಹಸದು ಬಂದಿ, ಅಂದರು. ಮರುದಿನ ಅವನ ತಾಯಿ ಲಾಲಬೀ ನಮ್ಮ ಮನೆಗೆ ಬಂದು, ನಿನ್ನ ಹೊಟ್ಟಿ ತಣ್ಣಗಿರಲಿ ತಾಯಿ, ನೀ ಬರದಿದ್ದಕ್ಕ ನನ್ನ ಮಗಾ ಬಂದಾನ ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಅವಳಿಗೆ ಚಹಾ ಮಾಡಿ ಕೊಟ್ಟೆ.

ಇರಲಿ. ಮಾವನವರ ಮಾತು ಇಷ್ಟು: ನಮ್ಮ ಹೋಬಳಿಯೊಳಗ ಬಿ.ಎ. ಮಾಡಿದವರು ಒಬ್ಬರೂ ಇಲ್ಲ, ಅಂವ ಮಾಡ್ಲಿ. ಅತ್ತೆಯವರೂ ಸೆರಗಿನಿಂದ ಮೂಗು ಒರೆಸಿಕೊಂಡು, ಓದ್ಲಿ ಬಿಡ್ರಿ, ಎರಡ ವರ್ಷ ಏನ ಮಹಾ, ಅಂದರು. ನನ್ನದೂ ಅದೇ ಮಾತು. ಇಲ್ಲಿಯ ಸರ್ಕಾರಿ ಉರ್ದು ಸಾಲಿಯಲ್ಲಿ ಕಲಿತು ಹೋದ ನೀವು ಇಂಗ್ಲಿಷ್ ಪಾಠದಲ್ಲಿ ಮೂಕರ ಹಾಗೆ ಕೂತಿದ್ದು, ಪಾದ್ರಿಯವರು ಸಂಜೆ ಅಂಗಳದಲ್ಲಿ ಜೊತೆಗೆ ಅಡ್ಡಾಡಿಸುತ್ತ ಒಂದೊಂದೇ ಮಾತು ಆಡಿಸಿದ್ದು, ಎಲ್ಲವನ್ನೂ ನೀವೇ ಬರೆದಿದ್ದಿರಿ. ಆ ಕಷ್ಟ ನೀರಿನಲ್ಲಿ ಹೋಮವಾಗಬಾರದು. ಅವರು ಕೇಳಿದ ಚೀಟಿಯನ್ನು ಇದರೊಳಗೇ ಇಟ್ಟಿದ್ದೇನೆ. ಅವರಿಗೆ ನನ್ನ ನಮಸ್ಕಾರ ಹೇಳಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ.

ನಿಮ್ಮ
ಗಾಳೆಮ್ಮ

ಇನ್ನೊಂದು ಮಾತು: ಇಲ್ಲಿಯ ತನಕ ಬರೆದದ್ದನ್ನು ಮಾವನವರಿಗೆ ಓದಿ ಹೇಳಿದೆ. ಛಲೋ ಬರದಿ ಎಂದು ಹೊಲಕ್ಕೆ ಹೋದರು. ಅತ್ತೆಯವರೂ ಪಕ್ಕದ ಮನೆಗೆ ಹೋಗಿದ್ದಾರೆ. ಇನ್ನು ಮುಂದಿನದು ನಿಮಗೊಬ್ಬರಿಗೆ.

ಅವತ್ತು ನೂರಸಾಬನ ಹಿಂದೆ ನೀವೂ ಇಳಿಯುತ್ತೀರಿ ಎಂದು ರೈಲು ಹೊರಟುಹೋಗುವ ತನಕ ಆ ಬಾಗಿಲನ್ನೇ ನೋಡುತ್ತ ನಿಂತಿದ್ದೆ. ಬಂಡಿಯಲ್ಲಿ ಎಲ್ಲರೂ ಅತ್ತೆಯವರನ್ನು ಸಮಾಧಾನ ಮಾಡಿದರು, ನಾನೂ ಮಾಡಿದೆ. ಹೆಂಡತಿ ಅತ್ತರೆ ಓದುವವರಿಗೆ ಅಪಶಕುನವಂತೆ, ಅದಕ್ಕೇ ಅಳಲಿಲ್ಲ. ನಿಮ್ಮನ್ನು ನೋಡಬೇಕು ಅನಿಸುತ್ತದೆ. ರೊಟ್ಟಿ ಬಡಿಯುವಾಗ ಅನಿಸುತ್ತದೆ, ಬಾವಿಗೆ ಹೋದಾಗ ಅನಿಸುತ್ತದೆ, ಸುಮ್ಮನೆ ಕೂತರೂ ಅನಿಸುತ್ತದೆ. ಮದುವೆಯಾದಾಗಿನಿಂದ ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ನನ್ನನ್ನು ಕೇಳಿದವರು ಆ ಪಾದ್ರಿಯವರೊಬ್ಬರೇ. ನೀವೂ ಕೇಳಿಲ್ಲ. ಕೇಳಿದವರಿಗೆ ಸುಳ್ಳು ಬರೆಯಲು ಕೈ ಬರಲಿಲ್ಲ.

ಮಾವನವರು ಚೀಟಿಯನ್ನೂ ಓದು ಎಂದಾಗ, ನಮ್ಮ ಮನೆಯವರು ಅಲ್ಲೇ ಇದ್ದು ಓದಲಿ ಎಂದು ಬರೆದ ಹಾಗೆ ಓದಿ ಹೇಳಿದೆ. ಅದರಲ್ಲಿ ಬರೆದಿರುವುದು ಬೇರೆ: ಓಬಳೆಪ್ಪನವರು ನನಗೆ ಬೇಕು, ಊರಿಗೆ ಕಳಿಸಿಕೊಡಿ.

ಚೀಟಿಯನ್ನು ಅಂಟಿಸಿಲ್ಲ. ಅದನ್ನು ಪಾದ್ರಿಯವರ ಕೈಗೆ ಕೊಡುವುದೋ, ಹರಿದು ಹಾಕುವುದೋ ನಿಮಗೆ ಬಿಟ್ಟಿದ್ದು. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ನನಗೂ ತಿಳಿಯಬೇಕು.