ಪಾಳಿ ಬಂತೇನು?

ಸುವರ್ಣಕ್ಕಾ,

ಫೋನ್ ಹಚ್ಚಿದ್ರ ಅಳು ಬರ್ತೈತಿ, ಅದಕ್ಕ ಈ ಕಾರ್ಡ್. ಇವರು ಡ್ಯೂಟಿ ಮ್ಯಾಲೆ ಊರಾಗಿಲ್ಲ. ಮಕ್ಕಳಾಗವಲ್ದು ಅಂತ ಇಲ್ಲೇ ನಾಗಪುರದಾಗ ರಾಮದಾಸಪೇಠದ ದವಾಖಾನಿಗೆ ಒಬ್ಬಾಕಿನ ಹೋಗಿದ್ದೆ. ನರ್ಸ್ "ಪಾಳಿ ಆಲೀ ಕಾ?" ಅಂದ್ಲು. ಸರತಿ ಬಂತೇನು ಅಂತಾಳಂತ ತಿಳದು, "ಇನ್ನೂ ಇಲ್ಲ" ಅಂದೆ. ಮರಾಠ್ಯಾಗ ಪಾಳಿ ಅಂದ್ರ ಮುಟ್ಟಂತ! ನಾ ಬಸುರಿ ಅಂತ ತಿಳದು ನಕ್ಕು, ಕುರ್ಚಿ ಹಾಕಿ ನೀರು ಕೊಟ್ಲು.

ಒಳಗ ಡಾಕ್ಟರ್ ಹೋದ ವಾರ ತಗಸಿದ್ದ ಎಕ್ಸ್-ರೇ ನೋಡಿ ಬ್ಯಾರೆನ ಹೇಳಿದ್ರು. ಗೊತ್ತಾಗದಂಗ ಬಂದ ಯಾವುದೋ ಸೋಂಕಿನಿಂದ ಗರ್ಭನಾಳ ಎರಡೂ ಮುಚ್ಯಾವ. ಕೆಲವರ ಮೈ ಹುಟ್ಟಿನಿಂದನ ಹಂಗಂತ, ಸೋಂಕಿನ ಕೂಡ ಜಗಳಾಡಿ ತನ್ನನ್ನ ತಾನ ಸುಟ್ಟುಕೋತೈತಿ. ನಮ್ದು ಒಂದ ರಕ್ತ, ನೀನೂ ತೋರಿಸ್ಕೋ. ಈ ಸೋಂಕು ಗಂಡ-ಹೆಂಡ್ತಿ ನಡುವ ದಾಟ್ತೈತಂತ, ಇವರೂ ಗುಳಿಗಿ ನುಂಗಬೇಕಂತ, ಹೆಂಗ ಹೇಳ್ಲಿ.

ಹೊರಗ ಬಂದಾಗ ನರ್ಸ್ "ಸಿಹಿ ಸುದ್ದಿ ಪೇಢೆ ಯಾವಾಗ?" ಅಂದ್ಲು.

"ಜಲ್ದಿ" ಅಂದು ಬಂದ್ಬಿಟ್ಟೆ.

ನಮಿತಾ