ಏಳನೇ ಸಾಲಿನ ಗುರುತು

ಮನೆ, ಮಹಡಿಯ ಕೋಣೆ
ಮಾರ್ಚ್ ೧೪, ಬುಧವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಹೊಲಿಗೆ ಯಂತ್ರ ರಿಪೇರಿ ಎಂದರೆ ದಿನವಿಡೀ ಬಗ್ಗಿಕೊಂಡೇ ಕೂರುವ ಕೆಲಸ, ಎತ್ತರದ ಮೇಜು ಮಾಡಿಸಿಕೊಳ್ಳಲಿ ಎಂದು ಅಮ್ಮ ಈಗಾಗಲೇ ಮೂರು ಸಲ ಹೇಳಿ ಕಳಿಸಿದ್ದಾಳೆ; ಇದು ನಾಲ್ಕನೆಯದು ಎಂದು ಬರೆದುಕೋ. ಅತ್ತಿಗೆಯ ಕೆಮ್ಮು ನಿಂತಿತೇ? ಇಲ್ಲಿ ಅಮ್ಮ ಆರಾಮಾಗಿದ್ದಾಳೆ. ಹೊಸ ಕನ್ನಡಕ ಬಂದಮೇಲೆ ಮೂಲೆಮೂಲೆಯ ಧೂಳೆಲ್ಲ ಅವಳಿಗೆ ಕಾಣತೊಡಗಿದೆ. ಇಷ್ಟು ದಿನ ನಾನು ಗುಡಿಸುತ್ತಿದ್ದುದೆಲ್ಲ ಬರೀ ನಾಟಕ ಎಂದು ಗೊತ್ತಾಗಿಬಿಟ್ಟು, ಈಗ ನಾನು ಪೊರಕೆ ಹಿಡಿದರೆ ಹಿಂದೆಯೇ ಬರುತ್ತಾಳೆ. ಆ ಕನ್ನಡಕ ಕೊಡಿಸಿದ್ದು ನಾನೇ ಎಂಬುದನ್ನು ನೆನೆದು ಒಬ್ಬಳೇ ನಗುತ್ತಿರುತ್ತೇನೆ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ಆಫೀಸಿನ ಸುದ್ದಿ ಬಂದರೆ ಸಾಕು, "ತಗೋ, ಅತ್ತಿಗೆ ಹತ್ರ ಮಾತಾಡು" ಎಂದು ಜಾರಿಕೊಳ್ಳುತ್ತೀಯ. ಎರಡು ವರ್ಷದಿಂದ ಇದೇ ಆಯಿತು. ಕಾಗದವಾದರೆ ಅತ್ತಿಗೆ ಓದಿ ಹೇಳುತ್ತಾರೆ, ನೀನು ಯಂತ್ರದೊಳಗೆ ತಲೆ ತೂರಿಸಿ ಕೇಳಿಸದವನಂತೆ ಕೇಳಿಸಿಕೊಳ್ಳುತ್ತೀಯ. ಅವರಿಗೂ ಅರ್ಥವಾಗಲಿ ಎಂದು ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಸಹಿಸಿಕೋ. ತಪ್ಪಿದ್ದರೆ ಮೇಷ್ಟ್ರ ಹಾಗೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸು.

ಅತ್ತಿಗೆ, ನಮ್ಮ ಕೆಲಸ ಇಷ್ಟೇ. ಒಂದು ಆಸ್ಪತ್ರೆಗೋ ಶಾಲೆಗೋ ಅರವತ್ತು ಕಿಲೋಮೀಟರ್ ಅಂತರದಲ್ಲಿ ಎರಡು ಕಟ್ಟಡಗಳಿರುತ್ತವೆ. ಎರಡರ ಕಂಪ್ಯೂಟರುಗಳೂ ಒಂದೇ ಕೋಣೆಯಲ್ಲಿ ಒಂದೇ ಪೆಟ್ಟಿಗೆಗೆ ಸಿಕ್ಕಿಸಿದ ಹಾಗೆ ಇರಬೇಕು ಎಂದು ಅವರು ಕೇಳುತ್ತಾರೆ. ನಾವು ಎರಡೂ ತುದಿಯಲ್ಲಿ ನಮ್ಮ ಸ್ವಿಚ್ (ವೈರುಗಳನ್ನು ಕೂಡಿಸುವ ಪೆಟ್ಟಿಗೆ) ಇಟ್ಟು, ನಡುವೆ ಅಂಥವೇ ಪೆಟ್ಟಿಗೆಗಳಿರುವ ನಮ್ಮ ಠಾಣೆಗಳ ಮೂಲಕ ದಾರಿ ಮಾಡಿಕೊಡುತ್ತೇವೆ. ಇದಕ್ಕೆ ಲೇಯರ್ ಟೂ ವಿಪಿಎನ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ತುಂಬ ಉದ್ದದ ಒಂದು ವೈರ್ ಎಂದುಕೊಂಡರೆ ಸಾಕು. ಸ್ವಾರಸ್ಯ ಏನೆಂದರೆ ನಿಜವಾದ ಕೇಬಲ್ ಒಂದೇ, ಅದರಲ್ಲಿ ನೂರಾರು ಗಿರಾಕಿಗಳು ಓಡಾಡುತ್ತಾರೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಪ್ರತಿ ಗಿರಾಕಿಗೂ ಒಂದು ಸೇವಾ ನಂಬರ್ ಇರುತ್ತದೆ. ಸ್ವಿಚ್ಚಿನಲ್ಲಿ ವೈರ್ ಸಿಕ್ಕಿಸುವ ಕಿಂಡಿಗೆ ಪೋರ್ಟ್ ಎನ್ನುತ್ತೇವೆ; ಯಾವ ಯಾವ ಪೋರ್ಟಿಗೆ ಒಂದೇ ನಂಬರ್ ಕೊಟ್ಟಿರುತ್ತೇವೋ ಅವು ಮಾತ್ರ ಒಂದನ್ನೊಂದು ನೋಡುತ್ತವೆ. ಎಲ್ಲವೂ ನಿಂತಿರುವುದು ಆ ನಂಬರಿನ ಮೇಲೆ. ಅದಕ್ಕೇ ನಮ್ಮಲ್ಲೊಂದು ಕಟ್ಟುನಿಟ್ಟಿನ ನಿಯಮ: ಒಬ್ಬರು ಪೋರ್ಟಿಗೊಂದು ಸಾಲಿರುವ ಹಾಳೆ ನೋಡಿ ನಂಬರ್ ಓದಬೇಕು, ಇನ್ನೊಬ್ಬರು ಟೈಪ್ ಮಾಡಬೇಕು. ಟೈಪ್ ಮಾಡುವವರು ಪೋರ್ಟಿನ ಸಂಖ್ಯೆ ಹೇಳುತ್ತಾರೆ, ಓದುವವರು ಆ ಸಾಲಿನ ಸೇವಾ ನಂಬರ್ ಹೇಳಿ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಪೂಜೆಗೆ ಮಂತ್ರ ಹೇಳಿದ ಹಾಗಿರುತ್ತದೆ, ಹೊರಗಿನವರು ನೋಡಿದರೆ ನಗುತ್ತಾರೆ.

ಆ ನಂಬರ್ ತಪ್ಪಿದರೆ ಏನಾಗುತ್ತದೆ ಎಂದು ಅಣ್ಣನಿಗೆ ನಾನು ಹೇಳಬೇಕಾಗಿಲ್ಲ. ಎರಡು ವರ್ಷದ ಕೆಳಗೆ ನಡುದಾರಿಯ ಠಾಣೆಯಲ್ಲಿ ಏಳನೇ ಪೋರ್ಟಿಗೆ ಎಂಟನೆಯದರ ನಂಬರ್ ಬಿತ್ತು. ಶಾಲೆಯೊಂದರ ಕಟ್ಟಡ ಹೋಗಿ ವಕೀಲರ ಕಚೇರಿಯ ಜಾಲದೊಳಗೆ ಸೇರಿಕೊಂಡಿತು. ಮೂರು ದಿನ ಶಾಲೆಯ ಪ್ರಿಂಟರಿನಲ್ಲಿ ಯಾರದೋ ಗಂಡ ಹೆಂಡಿರ ವಿಚ್ಛೇದನದ ಕಾಗದಗಳು ಬಂದು ಬಿದ್ದವು, ನಾಲ್ಕನೇ ತರಗತಿಯ ಮಕ್ಕಳು ಅವುಗಳ ಹಿಂದೆ ಚಿತ್ರ ಬರೆದರು. ನಗು ಬರುವ ವಿಷಯವೇ, ಆದರೆ ವಕೀಲರು ನಗಲಿಲ್ಲ. ವಿಚಾರಣೆ ನಡೆಯಿತು, ಟೈಪ್ ಮಾಡಿದ್ದು ಅಣ್ಣ ಎಂದು ಸ್ವಿಚ್ಚಿನ ದಾಖಲೆ, ಅಂದರೆ ಲಾಗ್, ಹೇಳಿತು, ಅಣ್ಣನ ಕೆಲಸ ಹೋಯಿತು. ಹನ್ನೊಂದು ವರ್ಷದ ಕೆಲಸ. ಫ್ಯಾನಿನ ಸದ್ದು ಕೇಳಿಯೇ ಯಾವ ಸ್ವಿಚ್ಚಿಗೆ ಜ್ವರ ಬಂದಿದೆ ಎನ್ನುತ್ತಿದ್ದವನು ತುಟಿಪಿಟಕ್ಕೆನ್ನದೆ ಊರು ಬಿಟ್ಟ. ಆಗ ನಾನು ಅಮ್ಮನಿಗೆ "ಅವನಿಗೆ ಮೊದಲಿಂದಲೂ ಅವಸರ, ಬೆರಳು ತಪ್ಪಿರತ್ತೆ ಬಿಡು" ಎಂದಿದ್ದೆ. ಆ ಮಾತನ್ನು ಈಗ ನುಂಗಿಕೊಳ್ಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ಹೊಸ ಕಥೆಗೆ ಬರುತ್ತೇನೆ. ಹೋದ ವಾರ ಕಣ್ಣಿನ ಆಸ್ಪತ್ರೆಯೊಂದಕ್ಕೆ ಹೊಸ ಸೇವೆ ಕೊಟ್ಟೆವು. ಒಂದು ತುದಿಯಲ್ಲಿ ಕಣ್ಣಿನ ಫೋಟೋ ತೆಗೆದರೆ ಇನ್ನೊಂದು ತುದಿಯಲ್ಲಿ ದೊಡ್ಡ ಡಾಕ್ಟರು ನೋಡಬೇಕು. ಸ್ವಿಚ್ಚಿನಲ್ಲಿ ಸೇವೆ ಹಸಿರು, ಪಿಂಗ್ (ಆ ತುದಿ ಓಗೊಡುತ್ತದೆಯೇ ಎಂದು ಕೂಗಿ ನೋಡುವ ಪರೀಕ್ಷೆ) ಸರಾಗವಾಗಿ ಹೋಗಿಬರುತ್ತಿದೆ, ಸಹಿ ಹಾಕಿಸಿಕೊಂಡು ಬಂದೆವು. ಮರುದಿನ ಡಾಕ್ಟರಮ್ಮನ ಫೋನು: "ಹೆಸರು ಬರುತ್ತೆ, ವಯಸ್ಸು ಬರುತ್ತೆ, ಕಣ್ಣೇ ಬರಲ್ಲ." ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಪಾಪ, ಅವರ ರೋಗಿಗಳು ಕಾಯುತ್ತಿದ್ದಾರೆ, ನಾನು ಖುಷಿಪಡುವುದು ತಪ್ಪು. ಆದರೆ ಇಂಥ ಚೆಂದದ ದೋಷ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಪೂರ್ತಿ ಕೆಟ್ಟಿದ್ದರೆ ಯಾರು ಬೇಕಾದರೂ ಹುಡುಕುತ್ತಾರೆ; ಅರ್ಧ ಕೆಟ್ಟು ಅರ್ಧ ನಡೆಯುವುದರ ರುಚಿಯೇ ಬೇರೆ.

ಮೊದಲು ಎರಡೂ ತುದಿಯ ನಂಬರ್ ನೋಡಿದೆ, ಸರಿ. ಆಸ್ಪತ್ರೆಯವರು ಎರಡೂ ಕಡೆ ಒಂದೇ ಟ್ಯಾಗ್ (ಗುರುತಿನ ಸಂಖ್ಯೆ) ಹಾಕಿದ್ದಾರೆಯೇ ನೋಡಿದೆ, ಅದೂ ಸರಿ. ಈ ತುದಿಯ ಕಂಪ್ಯೂಟರಿನ ವಿಳಾಸವನ್ನು ಆ ತುದಿಯ ಸ್ವಿಚ್ ಕಲಿತುಕೊಂಡಿದೆಯೇ ನೋಡಿದೆ, ಕಲಿತಿದೆ. ಹಾಗಾದರೆ ದಾರಿ ಇದೆ, ಗುರುತು ಪರಿಚಯವೂ ಇದೆ, ಆದರೂ ಫೋಟೋ ಮಾತ್ರ ಎಲ್ಲಿ ಕಾಣೆಯಾಗುತ್ತಿದೆ? ಆಗ ಹೊಳೆಯಿತು, ನಾವು ಯಾವಾಗಲೂ ಪಿಂಗ್ ಮಾಡುವುದು ಮಾಹಿತಿಯ ಚಿಕ್ಕ ಪೊಟ್ಟಣದಿಂದ, ಫೋಟೋ ಹೋಗುವುದು ದೊಡ್ಡದರಲ್ಲಿ. ನಮ್ಮ ಆಫೀಸಿನ ಅಭ್ಯಾಸವೇ ಅದು, ಐದು ಚಿಕ್ಕ ಪಿಂಗು, ಒಂದು ಸಹಿ, ಒಂದು ಟೀ. ಪೊಟ್ಟಣವನ್ನು ದೊಡ್ಡದು ಮಾಡುತ್ತ ಹೋದೆ. ಸಾವಿರ ಬೈಟು ದಾಟಿತು, ಸಾವಿರದ ನಾನೂರು ದಾಟಿತು. ಆಮೇಲೆ ಒಂದೊಂದಾಗಿ ಏರಿಸಿದೆ. ೧೪೪೬ ದಾಟಿತು, ೧೪೪೭ ದಾಟಲಿಲ್ಲ. ಮತ್ತೆ ಮಾಡಿದೆ, ಮತ್ತೆ ಅಷ್ಟೇ. ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿ ಬಂದೆ.

ಅತ್ತಿಗೆ, ಗಿರಾಕಿಯ ಪೊಟ್ಟಣಕ್ಕೆ ನಾವು ನಮ್ಮ ಚೀಟಿಗಳನ್ನು ಅಂಟಿಸಿ, ಮೇಲೊಂದು ಹೊದಿಕೆ ಸುತ್ತಿ ಕಳಿಸುತ್ತೇವೆ. ಹಾಗಾಗಿ ನಡುವಿನ ಸ್ವಿಚ್ಚುಗಳೆಲ್ಲ ಮಾಮೂಲಿಗಿಂತ ದೊಡ್ಡ ಪೊಟ್ಟಣ ಬಿಟ್ಟುಕೊಳ್ಳುವಂತೆ ಇರಬೇಕು. ಆ ಅಳತೆಗೆ ಎಂಟಿಯು ಎನ್ನುತ್ತೇವೆ. ಯಾವುದೋ ಒಂದು ಬಾಗಿಲು ಸಣ್ಣದಿದ್ದರೆ ಈ ಪದರದಲ್ಲಿ ಪೊಟ್ಟಣವನ್ನು ಒಡೆದು ಎರಡು ಮಾಡುವವರಿಲ್ಲ, "ಇದು ದೊಡ್ಡದಾಯ್ತು, ವಾಪಸ್ ತಗೊಳ್ಳಿ" ಎಂದು ಹೇಳುವವರೂ ಇಲ್ಲ. ಸ್ವಿಚ್ ಅದನ್ನು ಸುಮ್ಮನೆ ಬೀಳಿಸಿ, ತನ್ನ ಲೆಕ್ಕದ ಪಟ್ಟಿಯಲ್ಲಿ ಒಂದನ್ನು ಕೂಡಿಸಿಕೊಂಡು ಕೂರುತ್ತದೆ. ನಾನು ಠಾಣೆಯಿಂದ ಠಾಣೆಗೆ ಆ ಪಟ್ಟಿ ನೋಡುತ್ತ ಹೋದೆ. ನಡುದಾರಿಯ ಠಾಣೆಯಲ್ಲಿ ಹೋದ ತಿಂಗಳು ಸುಟ್ಟುಹೋದದ್ದರ ಬದಲಿಗೆ ಇಟ್ಟ ಹೊಸ ಸ್ವಿಚ್ ಸಿಕ್ಕಿತು, ಕಳ್ಳ ಸಿಕ್ಕಿದ ಹಾಗೆ. ಆಸ್ಪತ್ರೆಯ ದಾರಿ ಹಾಯುವ ಪೋರ್ಟಿನಲ್ಲಿ ಕಾರ್ಖಾನೆಯಿಂದ ಬಂದಾಗ ಇದ್ದ ಅಳತೆಯನ್ನು ಯಾರೂ ಬದಲಿಸಿರಲಿಲ್ಲ. ನಾನು ಪಿಂಗ್ ಕಳಿಸಿದಷ್ಟೂ ಬೀಳಿಸಿದವುಗಳ ಸಂಖ್ಯೆ ಏರುತ್ತಿತ್ತು. ನೀನು ಪಕ್ಕದಲ್ಲಿದ್ದರೆ ಬೆನ್ನಿಗೊಂದು ಗುದ್ದು ಕೊಡುತ್ತಿದ್ದೆ.

ಸೋಮವಾರ ಆ ಠಾಣೆಗೆ ವ್ಯಾನಿನಲ್ಲಿ ಹೋದೆ. ಆ ಪೋರ್ಟಿಗೆ ಕೈಹಾಕಿದರೆ ದಾರಿ ಒಂದು ಗಳಿಗೆ ಕಡಿದುಹೋಗುತ್ತದೆ, ಮತ್ತೆ ಕೂಡದಿದ್ದರೆ ದೂರದಿಂದ ಏನೂ ಮಾಡಲಾಗದು. ಅದಕ್ಕೇ ಒಬ್ಬರು ಅಲ್ಲೇ ಸ್ವಿಚ್ ಇಟ್ಟ ಕಪಾಟಿನ ಮುಂದೆ ಇರಬೇಕು. ಫೋನಿನ ಆ ಕಡೆ ನಮ್ಮ ದೊಡ್ಡವರೇ ಕೂತು ಓದಿದರು. (ಅತ್ತಿಗೆ, ದೊಡ್ಡವರು ಎಂದರೆ ನಮ್ಮ ಮುಖ್ಯಸ್ಥರು, ಎತ್ತರ ನನ್ನ ಭುಜದಷ್ಟು.) ಒಂದು ಸಾಲು ಟೈಪ್ ಮಾಡಿದೆ, ಪೋರ್ಟಿನ ದೀಪ ಆರಿತು, ಉಸಿರು ಹಿಡಿದೆ, ದೀಪ ಹೊತ್ತಿತು. ಹತ್ತು ನಿಮಿಷಕ್ಕೆ ಡಾಕ್ಟರಮ್ಮನ ಫೋನು, ಕಣ್ಣುಗಳು ಬರುತ್ತಿವೆಯಂತೆ, ಎರಡೆರಡಾಗಿ.

ನಿಯಮದ ಪ್ರಕಾರ ಇನ್ನೂ ಅರ್ಧ ಗಂಟೆ ಅಲ್ಲೇ ಇದ್ದು ನೋಡಬೇಕಿತ್ತು. ನನ್ನನ್ನು ಅರ್ಧ ಗಂಟೆ ಒಂದು ಕೋಣೆಯಲ್ಲಿ ಸುಮ್ಮನೆ ಬಿಟ್ಟರೆ ಏನಾಗುತ್ತದೆ ನಿನಗೇ ಗೊತ್ತು. ಕಪಾಟಿನ ಬಾಗಿಲ ಒಳಗಡೆ ಹಳೆಯ ಹಾಳೆಗಳನ್ನಿಡುವ ಚೀಲ ಇದೆಯಲ್ಲ, ಅದಕ್ಕೆ ಕೈಹಾಕಿದೆ. ಧೂಳು, ಒಂದು ಸತ್ತ ಜೇಡ, ಹತ್ತಾರು ಹಾಳೆ. ಒಂದರ ತಲೆಯಲ್ಲಿ ನಿನ್ನ ಅಕ್ಷರ, ಆ ತಪ್ಪು ನಡೆದ ದಿನದ ತಾರೀಖು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದರಿಂದ ಆರರವರೆಗೆ ಪ್ರತಿ ಸಾಲಿಗೂ ಒಂದೊಂದು ಪೆನ್ಸಿಲ್ ಗುರುತು. ಏಳನೇ ಸಾಲಿಗೆ ಗುರುತೇ ಇಲ್ಲ. ಎಂಟನೇ ಸಾಲಿಗೆ ಎರಡು. ಮುಂದೆ ಮತ್ತೆ ಒಂದೊಂದು.

ಗೊತ್ತಾಯಿತಲ್ಲ ಅತ್ತಿಗೆ? ಅಣ್ಣ "ಏಳು" ಎಂದಾಗ ಹಾಳೆ ಹಿಡಿದವರು ಯಾರೋ ಸಾಲು ತಪ್ಪಿ ಎಂಟರ ನಂಬರ್ ಓದಿದ್ದಾರೆ. ಅವನು "ಎಂಟು" ಎಂದಾಗ ಅದನ್ನೇ ಮತ್ತೆ ಓದಿದ್ದಾರೆ. ಅಣ್ಣ ಕೇಳಿದ್ದನ್ನು ಕೇಳಿದ ಹಾಗೆ ಟೈಪ್ ಮಾಡಿದ್ದಾನೆ. ಅವನ ಬೆರಳು ತಪ್ಪಿಲ್ಲ. ಹೊರಗೆ ವ್ಯಾನಿನವರು ಹಾರ್ನ್ ಮೇಲೆ ಹಾರ್ನ್ ಬಾರಿಸುತ್ತಿದ್ದರು, ನಾನು ಹಾಳೆಯನ್ನು ಮಡಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ನಿನ್ನೆಯೆಲ್ಲ ಆ ಹಾಳೆ ನನ್ನ ಚೀಲದಲ್ಲೇ ಇತ್ತು. ಇವತ್ತು ಬೆಳಿಗ್ಗೆ ದೊಡ್ಡವರ ಮೇಜಿನ ಮೇಲಿಟ್ಟೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಎರಡು ವರ್ಷ ಸುಮ್ನೆ ಹಾಳಾಯ್ತಲ್ಲಮ್ಮ" ಎಂದರು. ನಿನ್ನ ಹೆಸರಿನ ಮುಂದಿರುವ, ತಪ್ಪಿತಸ್ಥನೆಂಬ ಷರಾವನ್ನು ಅಳಿಸಲು ಮೇಲಿನವರಿಗೆ ತಾವೇ ಬರೆಯುವುದಾಗಿ ಹೇಳಿದ್ದಾರೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ನೀನೇ ಹೇಳಿದರೆ ಚೆನ್ನ. ಮೇಜು ಮಾಡಿಸಿಕೋ, ಊಟ ಹೊತ್ತಿಗೆ ಸರಿಯಾಗಿ ಮಾಡು. ಅತ್ತಿಗೆಗೆ ನನ್ನ ನಮಸ್ಕಾರ, ನಿನಗೆ ಅಮ್ಮನ ಆಶೀರ್ವಾದ ಮತ್ತು ಅವಳ ಬೈಗುಳ, ಎರಡೂ ಸಮಪಾಲು.

ನಿನ್ನ ತಂಗಿ,
ಪ್ರಶ್ನೆಪತ್ರಿಕೆ
(ಈ ಹೆಸರಿಟ್ಟವನು ನೀನೇ, ಈಗ ಅನುಭವಿಸು)

ಮ.ವಿ: ಅತ್ತಿಗೆ, ಇದನ್ನು ಗಟ್ಟಿಯಾಗಿ ಓದಬೇಡಿ, ಅಣ್ಣನ ಕೈಗೇ ಕೊಟ್ಟುಬಿಡಿ. ಅಂಚೆಯ ಹೊತ್ತಾಯಿತು, ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಅಣ್ಣಾ, ಮೇಲೆ "ಯಾರೋ" ಎಂದು ಬರೆದೆ. ಓದಿದ್ದು ನಾನು. ನಿನಗದು ಗೊತ್ತು, ನನಗೂ ಗೊತ್ತಿತ್ತು, ಆದರೆ ತಪ್ಪು ಓದಿದೆ ಎಂದು ಸೋಮವಾರದವರೆಗೂ ಗೊತ್ತಿರಲಿಲ್ಲ, ಅಮ್ಮನಾಣೆ. ನೀನು ಟೈಪ್ ಮಾಡಿದ ಕೂಡಲೇ ಪೋರ್ಟಿನ ದೀಪ ಹಸಿರಾಗುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ, ಅಷ್ಟರಲ್ಲಿ ಸಾಲು ತಪ್ಪಿರಬೇಕು. ವಿಚಾರಣೆಯಲ್ಲಿ ನನ್ನನ್ನು ಯಾರೂ ಯಾಕೆ ಕೇಳಲಿಲ್ಲ ಎಂದು ಆಗಲೇ ಯೋಚಿಸಬೇಕಿತ್ತು. ಎಲ್ಲದಕ್ಕೂ ಪ್ರಶ್ನೆ ಹಾಕುವವಳು ಅದೊಂದಕ್ಕೆ ಹಾಕಲಿಲ್ಲ. ಇವತ್ತು ನನ್ನ ಹೆಸರು ಹೇಳಿ, ಬರೆದೂ ಕೊಟ್ಟಮೇಲೆ ದೊಡ್ಡವರು ಹೇಳಿದರು: "ತಪ್ಪು ಟೈಪ್ ಮಾಡಿದ್ದಕ್ಕೆ ಯಾರನ್ನೂ ಕಳಿಸಲ್ಲಮ್ಮ. ಓದಿದ್ದು ಯಾರು ಅಂದ್ರೆ ಯಾರೂ ಇರ್ಲಿಲ್ಲ, ಒಬ್ನೇ ಮಾಡ್ದೆ ಅಂದ. ಅದಕ್ಕೆ ಕಳಿಸಬೇಕಾಯ್ತು." ಕೆಲಸಕ್ಕೆ ಸೇರಿ ವರ್ಷ ತುಂಬದವರು ಹಾಳೆ ಮುಟ್ಟಬಾರದು ಎಂಬ ನಿಯಮ, ನನಗಾಗ ನಾಲ್ಕೇ ತಿಂಗಳು, ಹಟ ಮಾಡಿ ಜೊತೆಗೆ ಬಂದವಳು ನಾನು. ನನ್ನ ಕೆಲಸ ಉಳಿಯಲಿ ಎಂದು ನೀನು ನಿನ್ನದನ್ನು ಕೊಟ್ಟೆ, ಅದರ ಮೇಲೆ ನನ್ನಿಂದ ಅವಸರದವನು ಎಂದೂ ಅನ್ನಿಸಿಕೊಂಡೆ. ಮುಂದಿನ ಶುಕ್ರವಾರದವರೆಗೆ ನನ್ನನ್ನು ಮನೆಯಲ್ಲಿರಲು ಹೇಳಿದ್ದಾರೆ. ಅಂದು ಹನ್ನೊಂದು ಗಂಟೆಗೆ ದೊಡ್ಡವರು ನಿನಗೆ ಫೋನ್ ಮಾಡಿ ಹಳೇ ಪ್ರಶ್ನೆಯನ್ನೇ ಕೇಳುತ್ತಾರೆ. ನನಗೆ ಏನಾಗುತ್ತದೋ ಆಗಲಿ. ಈ ಸಲ ನನ್ನ ಹೆಸರು ಹೇಳು.