ತಲೆಯಡಿಯ ಅಂಗೈ

ಮಾರ್ಚ್ ೧೪, ಶನಿವಾರ

ಕೂಗಿ ಕೂಗಿ ಗಂಟಲು ಕಟ್ಟಿದೆ. ಮಗಳು ಹೊಟ್ಟೆಪಾಡಿಗೆ ಆಡುವ ಕುಸ್ತಿಯನ್ನು ಇವತ್ತೇ ಮೊದಲು ನೋಡಿದ್ದು. ಅಖಾಡದಲ್ಲಿ ಅವಳದು ಕೇಡಿಯ ಪಾತ್ರ. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತದಂತೆ. ಗೊತ್ತಿದ್ದರೂ, ಇವಳು ಎದುರಾಳಿ ಹುಡುಗಿಯನ್ನು ಅನಾಮತ್ತಾಗಿ ಎತ್ತಿದಾಗ ನಾನೇ ಎದ್ದು, "ಲೇ, ಬಿಡೇ ಅವಳನ್ನ!" ಎಂದು ಕಿರುಚಿಬಿಟ್ಟೆ.

"ಬಾಯ್ಮುಚ್ಕೊಂಡು ಕೂತ್ಕೋ, ಮುದುಕಿ!" ಎಂದು ನನ್ನ ಮೇಲೇ ಗದರಿದಳು. ಜನ ಅವಳಿಗೆ ಛೀಮಾರಿ ಹಾಕಿದರು, ನನಗೆ ಚಪ್ಪಾಳೆ.

ಆಮೇಲೆ ಆ ಹುಡುಗಿಯನ್ನು ದೊಪ್ಪನೆ ಕೆಡವಿದಳು. ಮುಂದಿನ ಸಾಲಲ್ಲಿದ್ದ ನನಗೆ ಕಂಡಿತು: ಬೀಳುವವಳ ತಲೆಯಡಿ, ಎಳೆಗೂಸನ್ನು ಮಲಗಿಸುವಾಗ ಕೊಡುವಂತೆ, ಇವಳ ಅಂಗೈ. ಎಂಥವಳನ್ನ ಹೆತ್ತಿದ್ದೀನಪ್ಪಾ!

ಈಗ ಗೊರಕೆ ಹೊಡೀತಿದ್ದಾಳೆ. ಆ ಕೈ ಊದಿಕೊಂಡಿದೆ. ಇಷ್ಟು ವರ್ಷ ಅದು ಯಾರನ್ನೋ ಚಚ್ಚಿ ಬಂದ ಬಾವೆಂದು ಬೈದುಕೊಂಡೇ ಮುಲಾಮು ಹಚ್ಚುತ್ತಿದ್ದೆನಲ್ಲ...